ಅಡಿಕೆ ಮರದಿಂದ ಬಿದ್ದವರನ್ನು ಎಬ್ಬಿಸಬೇಕಾ, ಬಿಡಬೇಕಾ?

ಪ್ರಶ್ನೆ (ಪೆರ್ಲ ಕಡೆಯಿಂದ): ಡಾಕ್ಟ್ರೇ, ನಮ್ಮ ಪಕ್ಕದ ತೋಟದಲ್ಲಿ ಮದ್ದು ಬಿಡುವಾಗ ಕೆಲಸದವರೊಬ್ಬರು ಮರದಿಂದ ಬಿದ್ದರು. ಪ್ರಜ್ಞೆ ಇತ್ತು, ಕಾಲು ಆಡಿಸಲು ಆಗುತ್ತಿರಲಿಲ್ಲ. ಕೂರಿಸಿ ನೀರು ಕೊಡಿ ಅಂತ ಒಬ್ಬರು, ಕುತ್ತಿಗೆ ಜಾರಿದೆ, ಎಳೆದರೆ ಸರಿಯಾಗುತ್ತದೆ ಅಂತ ಇನ್ನೊಬ್ಬರು. ನಾವು ಎರಡಕ್ಕೂ ಬಿಡಲಿಲ್ಲ, 108ಕ್ಕೆ ಫೋನ್ ಮಾಡಿ ಕಾದೆವು. ಸುಮ್ನೆ ನೋಡುತ್ತಾ ನಿಂತಿದ್ದೀರಿ ಅಂತ ಈಗ ಬೈಗುಳ. ನಾವು ಮಾಡಿದ್ದು ಸರಿಯಾ?

ಉತ್ತರ: ಸರಿ. ಮೂಳೆ ಮುರಿದಿದ್ದರೂ ಬೆನ್ನುಹುರಿ ಪೂರ್ತಿ ಹಾಳಾಗಿರಬೇಕೆಂದಿಲ್ಲ, ಅವಸರದಲ್ಲಿ ಕೈಕಾಲು ಹಿಡಿದು ಎತ್ತಿದರೆ ಉಳಿದದ್ದೂ ಹೋಗಬಹುದು. ತಲೆಯ ಎರಡೂ ಬದಿ ಕೈ ಇಟ್ಟು ಅಲುಗದಂತೆ ಹಿಡಿಯಿರಿ. ಕುತ್ತಿಗೆ ವಾರೆಯಾಗಿದ್ದು, ನೇರ ಮಾಡುವಾಗ ನೋವು ಜಾಸ್ತಿಯಾದರೆ ಅಥವಾ ತಡೆದರೆ ಹಾಗೆಯೇ ಬಿಡಿ. ನೀರು ಬೇಡ, ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಕಷ್ಟ. ಮಳೆಗೆ ನೆನೆದಿದ್ದರೆ ಟರ್ಪಾಲು, ಕಂಬಳಿ ಹೊದಿಸಿ, ಬೆನ್ನುಹುರಿಗೆ ಪೆಟ್ಟಾದವರ ಮೈ ಬೇಗ ತಣ್ಣಗಾಗುತ್ತದೆ.

ಎಲ್ಲಕ್ಕಿಂತ ಮೊದಲು ಉಸಿರು. ವಪೆಯನ್ನು (ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ನಡೆಸುವ ನರ ಕುತ್ತಿಗೆಯ 3, 4, 5ನೇ ನರಗಳಿಂದ ಹೊರಡುತ್ತದೆ. ಅದಕ್ಕಿಂತ ಮೇಲೆ ಪೆಟ್ಟಾದರೆ ಉಸಿರೇ ನಿಲ್ಲಬಹುದು. ಪ್ರಜ್ಞೆ ಇಲ್ಲದೆ ಗೊರಗೊರ ಶಬ್ದ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ, ಕೆಳದವಡೆಯನ್ನು ಎರಡೂ ಕಡೆಯಿಂದ ಮುಂದಕ್ಕೆ ತಳ್ಳಿ. ಉಸಿರೇ ಇಲ್ಲದಿದ್ದರೆ ಕುತ್ತಿಗೆಯ ಚಿಂತೆ ಆಮೇಲೆ, ಎದೆ ಒತ್ತಲು ಶುರು ಮಾಡಿ.

ಪ್ರಶ್ನೆ (ಮುಳ್ಳೇರಿಯಾ): ನಮ್ಮ ಮನೆ ತನಕ ಆಂಬುಲೆನ್ಸ್ ಬರುವುದೇ ಇಲ್ಲ ಮಾರಾಯ್ರೇ, ಜೀಪೇ ಗತಿ. ಆಗ ಏನು ಮಾಡುವುದು?

ಉತ್ತರ: ಆಗ ಪಿಕಪ್ ಸಿಕ್ಕಿದರೆ ಒಳ್ಳೆಯದು, ಉದ್ದಕ್ಕೆ ಮಲಗಿಸಬಹುದು. ಒಂದು ಬಾಗಿಲೋ ಅಗಲದ ಹಲಗೆಯೋ ತನ್ನಿ. ತಲೆಗೆ ಒಬ್ಬರು, ಹೆಗಲು, ಸೊಂಟ, ಕಾಲಿಗೆ ಮೂವರು. ತಲೆ ಹಿಡಿದವರು ಹೇಳಿದಾಗ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ, ಒಂದು ಬದಿಗೆ ತಿರುಗಿಸಿ ಹಲಗೆ ತೂರಿಸಿ. ತಲೆಯ ಆಚೀಚೆ ಸುತ್ತಿದ ಬೈರಾಸು (ಟವೆಲ್) ಇಡಿ. ದಾರಿಯಲ್ಲಿ ವಾಂತಿ ಬಂದರೂ ಹಲಗೆ ಸಮೇತ ತಿರುಗಿಸಬೇಕು. ಕಾಲರ್ ಹಾಕಿದರೆ ಸಾಕು ಅಂತ ಕೆಲವರು ತಿಳಿದಿದ್ದಾರೆ, ಅದೊಂದರಿಂದ ಕುತ್ತಿಗೆ ಪೂರ್ತಿ ನಿಲ್ಲುವುದಿಲ್ಲ.

ಮಂಗಳೂರು ದೂರ ಅಲ್ವಾ, ಉಸಿರಾಟ ಸರಿ ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಅದನ್ನು ಸುಧಾರಿಸಿಕೊಂಡೇ ಮುಂದೆ ಹೋಗಿ. ಬಿಪಿಯೂ ಅಷ್ಟೇ ಮುಖ್ಯ. ಬಿಪಿ ಇಳಿದು ನಾಡಿ ನಿಧಾನವಾಗಿದ್ದರೆ ಬೆನ್ನುಹುರಿಗೆ ಪೆಟ್ಟಾಗಿ ಬಿಪಿ ಕುಸಿಯುವ ನ್ಯೂರೋಜೆನಿಕ್ ಶಾಕ್ ಇರಬಹುದು, ಆದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿಲ್ಲ ಅಂತ ನೋಡದೆ ಹಾಗೆ ತೀರ್ಮಾನಿಸುವಂತಿಲ್ಲ.

ಪ್ರಶ್ನೆ (ಪೆರ್ಲದವರೇ): ಆಸ್ಪತ್ರೆಯಲ್ಲೂ ಭಾರ ಕಟ್ಟಿ ಕುತ್ತಿಗೆ ಎಳೆದರಂತೆ. ಹಾಗಾದರೆ ಊರವರು ಹೇಳಿದ್ದು ತಪ್ಪು ಹೇಗೆ? ಸ್ಟೀರಾಯ್ಡ್ ಇಂಜೆಕ್ಷನ್ ಯಾಕೆ ಕೊಡಲಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಜಾರಿದ ಕೀಲು ಒಂದಕ್ಕೊಂದು ಸಿಕ್ಕಿಕೊಂಡಿದ್ದರೆ ಅದನ್ನು ಬಿಡಿಸಲೇಬೇಕು. ಆದರೆ ಅಲ್ಲಿ ಸಿಟಿ ಸ್ಕ್ಯಾನ್ ನೋಡಿ, ತಲೆಬುರುಡೆಗೆ ಇಕ್ಕಳ ಕೂರಿಸಿ, ರೋಗಿ ಎಚ್ಚರ ಇರುವಾಗಲೇ ಸ್ವಲ್ಪ ಸ್ವಲ್ಪ ಭಾರ ಏರಿಸುತ್ತಾರೆ, ಪ್ರತಿ ಸಲ ಎಕ್ಸ್‌ರೇ ತೆಗೆದು ಕೈಕಾಲಿನ ಶಕ್ತಿ ನೋಡುತ್ತಾರೆ. ಶಕ್ತಿ ಕಡಿಮೆಯಾದರೆ ಅಲ್ಲಿಗೇ ನಿಲ್ಲಿಸುತ್ತಾರೆ. ತೋಟದಲ್ಲಿ ಎಳೆಯುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಡೆದು ಹುರಿಯ ಮೇಲೆಯೇ ಬಂದು ಕೂತರೂ ಗೊತ್ತಾಗದು.

ಸ್ಟೀರಾಯ್ಡ್ 1990ರ ದಶಕದಲ್ಲಿ ತುಂಬಾ ಕೊಡುತ್ತಿದ್ದರು. ಲಾಭ ಅಷ್ಟಕ್ಕಷ್ಟೇ, ಸೋಂಕು, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇದೆ, ಹಾಗಾಗಿ ಈಗ ಎಲ್ಲರಿಗೂ ಕೊಡುವುದಿಲ್ಲ. ಹುರಿಯ ಮೇಲಿನ ಒತ್ತಡ ತೆಗೆಯುವ ಆಪರೇಷನ್ ಬೇಕಾದವರಿಗೆ, ಸಾಧ್ಯವಾದರೆ 24 ಗಂಟೆಯೊಳಗೆ ಮಾಡುವುದು ಒಳ್ಳೆಯದು.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಹಲಗೆ ಸಾಗಿಸಲಿಕ್ಕೆ ಮಾತ್ರ, ಆಸ್ಪತ್ರೆ ಮುಟ್ಟಿದ ಮೇಲೆ ಬೇಗ ತೆಗೆಸಿ. ಹಿಂದಿನ ಜೇಬಿನ ಪರ್ಸ್, ಕೀ, ಸೊಂಟದ ಕತ್ತಿ ಮೊದಲೇ ತೆಗೆಯಿರಿ. ಸ್ಪರ್ಶ ಇಲ್ಲದ ಕಡೆ ಒತ್ತಿದ್ದು ಅವರಿಗೆ ಗೊತ್ತಾಗುವುದಿಲ್ಲ, ಗಂಟೆಗಳಲ್ಲೇ ಚರ್ಮ ಸತ್ತು ಹುಣ್ಣಾಗುತ್ತದೆ.