ಕಬ್ಬಿನ ಗ್ಯಾಂಗಿನ ಮುಂಗಡ: 'ಇಲ್ಲ' ಅಂತ ಟಿಕ್ ಹಾಕಿದರೆ ಮುಗಿಯಿತಾ?

ಮುಧೋಳದವ:
ನಾನು ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದೇನೆ, ಯಾವುದು ಅಂತ ಕೇಳಬೇಡಿ. ಹೋದ ವಾರ ಸಕ್ಕರೆ ಕೊಳ್ಳುವ ಕಂಪನಿಯಿಂದ ಒಂದು ಫಾರ್ಮ್ ಬಂತು. ನಿಮ್ಮ ಸಪ್ಲೈ ಚೈನ್‌ನಲ್ಲಿ ಎಲ್ಲಾದರೂ ಬಲವಂತದ ದುಡಿಮೆ ಇದೆಯಾ ಅಂತ ಪ್ರಶ್ನೆ. ಸಾಹೇಬರು ಚಹಾ ಕುಡಿಯುತ್ತಲೇ 'ಇಲ್ಲ ಅಂತ ಹಾಕಪ್ಪ' ಅಂದರು, ಹಾಕಿದೆ. ಅವತ್ತೇ ಸಂಜೆ ನಮ್ಮ ಹೊಲದಲ್ಲಿ ಕಟಾವು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಕಬ್ಬು ಕಡಿಯುವವರ ಗ್ಯಾಂಗ್. ತಾಡಪತ್ರಿ ಗುಡಿಸಲ ಮುಂದೆ ಒಬ್ಬ ಹೆಣ್ಣುಮಗಳು ಅಳುತ್ತಾ ಕೂತಿದ್ದಳು. ಊರಲ್ಲಿ ತಾಯಿಗೆ ಹುಷಾರಿಲ್ಲ, ಹೋಗಬೇಕು ಅಂದರೆ ಮುಕಾದಮ (ಗ್ಯಾಂಗ್ ಕರೆತರುವ ಮೇಸ್ತ್ರಿ) 'ಮುಂಗಡ ತೀರಿಸಿ ಹೋಗು' ಅನ್ನುತ್ತಾನಂತೆ. ಗಂಡ ಹೆಂಡತಿ ಇಬ್ಬರ ಆಧಾರ್ ಕಾರ್ಡೂ ಅವನ ಚೀಲದಲ್ಲಿ. ಎಷ್ಟು ತೀರಿದೆ, ಎಷ್ಟು ಬಾಕಿ, ಅವಳಿಗೆ ಗೊತ್ತಿಲ್ಲ, ಲೆಕ್ಕವೆಲ್ಲ ಅವನ ಡೈರಿಯಲ್ಲಿ. ಇದು ಬಲವಂತ ಅಲ್ವಾ?

ಟ್ರ್ಯಾಲಿ ಮಾಲೀಕ, ಜಮಖಂಡಿ:
ಅಣ್ಣ, ಒಂದೇ ಕಡೆ ನೋಡಬೇಡ. ಎರಡು ವರ್ಷದ ಹಿಂದೆ ನಾವು ಸಾಲ ತಂದು ಮುಕಾದಮನಿಗೆ ಮುಂಗಡ ಕೊಟ್ಟೆವು. ದೀಪಾವಳಿ ಮುಗಿದರೂ ಗ್ಯಾಂಗ್ ಬರಲಿಲ್ಲ, ಅವನ ಫೋನೂ ಬಂದ್. ಟ್ರ್ಯಾಕ್ಟರ್ ಮನೆ ಮುಂದೆ ಸುಮ್ನೆ ನಿಂತಿತು, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಕಾರ್ಡ್ ಇಟ್ಟುಕೊಳ್ಳುವುದು ತಪ್ಪೇ, ಒಪ್ಪುತ್ತೇನೆ. ಆದರೆ ಕಾರ್ಖಾನೆ ನಮ್ಮ ಹತ್ತಿರ ಕಟಾವು-ಸಾಗಣೆಯ ಕರಾರು ಬರೆಸಿಕೊಂಡು ಕೈ ತೊಳೆದುಕೊಳ್ಳುತ್ತದೆ. ನಾವು ಮುಕಾದಮನ ಹಿಂದೆ, ಅವನು ಕೂಲಿಯವರ ಹಿಂದೆ.

ಕರಿಕೋಟು, ವಿಜಯಪುರ:
ಜೀತ ಪದ್ಧತಿ ರದ್ದತಿ ಕಾಯ್ದೆ 1976ರಿಂದ ಇದೆ. ಜೀತದ ಸಾಲ ತೀರಿಸಲೇಬೇಕಿಲ್ಲ, ಕಾಯ್ದೆಯೇ ಅದನ್ನು ಅಳಿಸಿ ಹಾಕಿದೆ. 'ಇದು ಜೀತದ ಸಾಲ' ಅಂತ ಕೂಲಿಯವರು ಹೇಳಿದರೆ, ಅಲ್ಲ ಅಂತ ತೋರಿಸಬೇಕಾದವರು ದುಡ್ಡು ಕೊಟ್ಟವರು. 1982ರಲ್ಲಿ ಏಷ್ಯಾಡ್ (ದಿಲ್ಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಸಂವಿಧಾನದ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೆಯೇ, ಬಡತನ ಕಟ್ಟಿಹಾಕಿದರೂ ಕಟ್ಟಿಹಾಕಿದ ಹಾಗೇ ಅಂದಿತು. ಶಿಕ್ಷೆ? 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಈಗ ಒಂದು ಟನ್ ಕಬ್ಬಿನ ದರವೇ ಅದಕ್ಕಿಂತ ಜಾಸ್ತಿ! ತಹಶೀಲ್ದಾರ್ ಇಲ್ಲವೇ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಅರ್ಜಿ ಕೊಡಿ, ವಿಚಾರಣೆ ಆದ ಮೇಲೆ ಬಿಡುಗಡೆ ಪತ್ರ ಕೊಡುವವರು ಎಸಿ.

ಕುಂದಾ ಪ್ರಿಯ, ಬೆಳಗಾವಿ:
ಲಾಯರ್ ಸಾಹೇಬ್ರೇ, ಆ ಕಾಯ್ದೆ ಮುಕಾದಮನನ್ನು ಹಿಡಿಯುತ್ತದೆ, ಸಕ್ಕರೆ ಕೊಂಡ ಕಂಪನಿಯನ್ನು ಯಾರು ಹಿಡಿಯಬೇಕು? ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾನೂನು, ಇಂಥ ದುಡಿಮೆ ತಡೆಯಲು ಏನು ಮಾಡಿದಿರಿ ಅಂತ ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆ ಕೇಳುತ್ತದೆ. ತಮಾಷೆ ಅಂದರೆ, 'ನಾವು ಏನೂ ಕ್ರಮ ತಗೊಂಡಿಲ್ಲ' ಅಂತ ಬರೆದರೂ ನಡೆಯುತ್ತದೆ. ಮುಧೋಳದವರ ಟಿಕ್ಕಿನ ಅಣ್ಣತಮ್ಮ. ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದ ನಿಯಮ ಬೇರೆ ಥರ, 2027ರ ಡಿಸೆಂಬರ್‌ನಿಂದ ಬಲವಂತದ ದುಡಿಮೆಯ ಮಾಲನ್ನು ಅಲ್ಲಿ ಮಾರುವ ಹಾಗೇ ಇಲ್ಲ. ಮಾಲು ನಿಂತರೆ ಮಾತ್ರ ಕಂಪನಿಗೆ ನೋವಾಗುತ್ತದೆ. ನಮ್ಮಲ್ಲೂ ಹಾಗೇ ಆಗಬೇಕು. ಮುಂಗಡ ಮುಕಾದಮನ ಕೈಗೆ ಕೊಡದೆ ಕೂಲಿಯವರ ಖಾತೆಗೇ ಹಾಕಿ, ಲೆಕ್ಕದ ಹೊಣೆ ಕಾರ್ಖಾನೆಯೇ ಹೊರಬೇಕು. ಆಗ ಟ್ರ್ಯಾಲಿಯವರೂ ಮುಳುಗುವುದಿಲ್ಲ.

ಮುಧೋಳದವ:
ಇವತ್ತು ಆ ಹೆಣ್ಣುಮಗಳನ್ನು ಕೇಳಿದೆ. ಆಫೀಸು ಗೀಫೀಸು ಬೇಡ, ಕಾರ್ಡ್ ಕೊಡಿಸಿ ಸಾಕು ಅಂದಳು. ಮುಂದಿನ ವರ್ಷ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಅನ್ನುವ ಹೆದರಿಕೆ. ವಕೀಲ್ ಸಾಹೇಬ್ರೇ, ಅವಳ ಹೆಸರು ಹೇಳದೆ ನಾನೇ ಅರ್ಜಿ ಕೊಟ್ಟರೆ ತಗೊಳ್ತಾರಾ?