ನಡುಮನೆಯಲ್ಲಿ ಒಂದೇ ಟಿ.ವಿ.: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮೈಸೂರಿನ ಕುವೆಂಪುನಗರದ ಗೃಹಿಣಿಯೊಬ್ಬರು ತಮ್ಮ ಮನೆಯ ತೊಡಕೊಂದನ್ನು ಬರೆದಿದ್ದರು. ಮನೆಯಲ್ಲಿರುವುದು ಒಂದೇ ಟಿ.ವಿ. ಇಂಜಿನಿಯರಿಂಗ್ ಓದುತ್ತಿರುವ ಮಗನಿಗೆ ರಾತ್ರಿ ಊಟವಾದ ಮೇಲೆ ದೆವ್ವದ ಸಿನಿಮಾ ಬೇಕು. ಪಿಯುಸಿಯಲ್ಲಿರುವ ಮಗಳಿಗೆ ಬಾಹ್ಯಾಕಾಶದ ಧಾರಾವಾಹಿಗಳು ಬೇಕು. ಮಂಡ್ಯದಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ಮಾವನವರು ಸಾಕ್ಷ್ಯಚಿತ್ರಗಳನ್ನು ಬಿಟ್ಟು ಉಳಿದದ್ದೆಲ್ಲ ಕಾಲಹರಣವೆನ್ನುತ್ತಾರೆ. ಇದರ ನಡುವೆ, ಮೈದುನನ ಏಳು ವರ್ಷದ ಮಗಳು ಅಣ್ಣನ ಪಕ್ಕದಲ್ಲಿ ಕೂತು ಒಂದು ಸಿನಿಮಾ ನೋಡಿದಂದಿನಿಂದ ರಾತ್ರಿ ಒಬ್ಬಳೇ ಬಚ್ಚಲುಮನೆಗೂ ಹೋಗುತ್ತಿಲ್ಲ. “ರಿಮೋಟನ್ನು ಯಾರ ಕೈಗೆ ಕೊಡಲಿ, ಯಾವುದನ್ನು ಬೇಡವೆನ್ನಲಿ?” ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಶ್ರೀರಂಗಪಟ್ಟಣದಿಂದ ಒಬ್ಬ ತಾಯಿ

ಸಹೋದರಿ, ರಿಮೋಟಿನ ಪ್ರಶ್ನೆಯನ್ನು ಎರಡು ದಿನ ಪಕ್ಕಕ್ಕಿಟ್ಟು ಮೊದಲು ಆ ಮಗುವಿನ ಕಡೆ ನೋಡಿ. ಏಳು ವರ್ಷದ ಮಗುವಿಗೆ “ಅದೆಲ್ಲ ಸುಳ್ಳು, ಹೆದರಬೇಡ” ಎಂದರೆ ಮಾತು ಅರ್ಥವಾಗುತ್ತದೆ, ಹೆದರಿಕೆ ಮಾತ್ರ ಹೋಗುವುದಿಲ್ಲ. ಕಂಡದ್ದಕ್ಕೂ ಕಲ್ಪಿಸಿಕೊಂಡದ್ದಕ್ಕೂ ನಡುವಿನ ಗೆರೆ ಆ ವಯಸ್ಸಿನಲ್ಲಿ ಇನ್ನೂ ತೆಳುವಾಗಿರುತ್ತದೆ. ಕತ್ತಲಾದ ಮೇಲಂತೂ ಅದು ಅಳಿಸಿಯೇ ಹೋಗುತ್ತದೆ.

ನನ್ನ ಮಗನಿಗೂ ಹೀಗೆಯೇ ಆಗಿತ್ತು. ನೆಂಟರ ಮನೆಯಲ್ಲಿ ದೊಡ್ಡ ಹುಡುಗರ ಜೊತೆ ಯಾವುದೋ ಸಿನಿಮಾ ನೋಡಿ ಬಂದವನು ಸುಮಾರು ಒಂದು ತಿಂಗಳು ಕನ್ನಡಿಯ ಕಡೆ ಮುಖ ತಿರುಗಿಸಲಿಲ್ಲ. ಗದರಿದೆ, ತಾಯತ ಕಟ್ಟಿಸಿದೆ. ಎರಡರಿಂದಲೂ ಏನೂ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಅವನೇ ಆ ಸಿನಿಮಾದ ಮಾತು ತೆಗೆದಾಗ, 1960ರಲ್ಲಿ ಬಂದ ‘ಸೈಕೋ’ ಎಂಬ ಕಪ್ಪು-ಬಿಳುಪು ಚಿತ್ರದಲ್ಲಿ ಸ್ನಾನದ ಮನೆಯ ನೆಲದ ಮೇಲೆ ಹರಿಯುವ ರಕ್ತ ನಿಜವಾಗಿ ಚಾಕೊಲೇಟ್ ಸಿರಪ್ ಆಗಿತ್ತೆಂದು ಹೇಳಿದೆ. ಅವನು ನಂಬಲಿಲ್ಲ. ಅಡುಗೆಮನೆಯಲ್ಲಿ ಬೀಟ್‌ರೂಟ್ ತುರಿದು ರಸ ತೆಗೆದುಕೊಟ್ಟೆ. ಕೈಗೆಲ್ಲ ಬಳಿದುಕೊಂಡು ತಂದೆಯನ್ನು ಹೆದರಿಸಲು ಓಡಿದ. ಮಾಡುವ ಬಗೆ ತಿಳಿದಂದಿನಿಂದ ಕನ್ನಡಿಯ ಭಯ ನಿಧಾನವಾಗಿ ಕಡಿಮೆಯಾಯಿತು. ತಮ್ಮ ಮನೆಯ ಮಗುವಿಗೆ ಈ ಕೆಲಸವನ್ನು ಅಣ್ಣನ ಕೈಯಿಂದಲೇ ಮಾಡಿಸಿ.

ಇನ್ನೊಂದು ಮಾತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅಂತರ್ಜಾಲದ ಓಟಿಟಿ ವೇದಿಕೆಗಳಲ್ಲಿ ಬರುವ ಚಿತ್ರಗಳಿಗೂ ಧಾರಾವಾಹಿಗಳಿಗೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ವಯಸ್ಸಿನ ದರ್ಜೆಗಳಿರುತ್ತವೆ, ಮತ್ತು 13+ ಹಾಗೂ ಅದಕ್ಕೂ ಮೇಲಿನವುಗಳಿಗೆ ಪೋಷಕರು ಬೀಗ ಹಾಕಿಕೊಳ್ಳುವ ವ್ಯವಸ್ಥೆಯನ್ನು ಆಯಾ ವೇದಿಕೆಯವರು ಒದಗಿಸಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಆ ಬೀಗವನ್ನು ಯಾರೂ ಹಾಕಿರುವುದಿಲ್ಲ. ಕಾಲು ಗಂಟೆಯ ಕೆಲಸ, ದಯವಿಟ್ಟು ಇಂದೇ ಮಾಡಿ.

ಮಂಡ್ಯದಿಂದ ಒಬ್ಬ ನಿವೃತ್ತ ಚಿತ್ರಮಂದಿರ ಆಪರೇಟರ್

ಮೂವತ್ತು ವರ್ಷ ಪ್ರೊಜೆಕ್ಟರ್ ಕೋಣೆಯಲ್ಲಿ ಕಳೆದವನು ನಾನು. ತಮ್ಮ ಪತ್ರದಲ್ಲಿ “ಧ್ವನಿ ಜೋರಾಗಿ ಇಡುತ್ತಾನೆ” ಎಂದು ಮೂರು ಕಡೆ ಬರೆದಿದ್ದೀರಿ. ಹುಡುಗನ ಪರವಾಗಿ ಒಂದು ವಿಷಯ ಹೇಳಲೇಬೇಕು. ಸಿನಿಮಾದ ಧ್ವನಿಯನ್ನು ಹದ ಮಾಡುವುದು ದೊಡ್ಡ ಸಭಾಂಗಣಕ್ಕಾಗಿ. ಅಲ್ಲಿ ಮಾತು ಬಹುಪಾಲು ಪರದೆಯ ಹಿಂದಿರುವ ನಡುವಿನ ಸ್ಪೀಕರಿನಿಂದ ಬರುತ್ತದೆ, ಸುತ್ತಲಿನ ಸದ್ದುಗಳು ಬೇರೆ ಸ್ಪೀಕರುಗಳಿಂದ ಬರುತ್ತವೆ. ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರವನ್ನು ಬೇಕೆಂದೇ ಬಹಳ ದೊಡ್ಡದಾಗಿ ಇಟ್ಟಿರುತ್ತಾರೆ. ಅದೆಲ್ಲವನ್ನೂ ಟಿ.ವಿ.ಯ ಎರಡು ಪುಟ್ಟ ಸ್ಪೀಕರುಗಳೊಳಗೆ ತುರುಕಿದಾಗ ಮಾತು ಕೇಳಿಸುವುದಿಲ್ಲ. ಕೇಳಿಸಲೆಂದು ಹೆಚ್ಚಿಸಿದರೆ ಮರುಕ್ಷಣವೇ ಕಿರುಚಾಟ ಗೋಡೆ ನಡುಗಿಸುತ್ತದೆ. ದೆವ್ವದ ಚಿತ್ರವಂತೂ ನಿಂತಿರುವುದೇ ಈ ಅಂತರದ ಮೇಲೆ. ಬಹಳಷ್ಟು ಟಿ.ವಿ.ಗಳ ಧ್ವನಿಯ ಸೆಟ್ಟಿಂಗಿನಲ್ಲಿ ‘ನೈಟ್ ಮೋಡ್’ ಎಂದೋ ‘ಆಟೊ ವಾಲ್ಯೂಮ್’ ಎಂದೋ ಇರುತ್ತದೆ. ಅದು ಜೋರು ಸದ್ದನ್ನು ತಗ್ಗಿಸಿ ಸಣ್ಣ ಮಾತನ್ನು ಎತ್ತಿಕೊಡುತ್ತದೆ. ಅದನ್ನು ಹಾಕಿದರೂ ಒಳಕೋಣೆಯ ಮಗುವಿಗೆ ಕೇಳಿಸುವುದಾದರೆ ಹೆಡ್‌ಫೋನ್ ಕೊಡಿ.

ಬೆಳಕಿನ ಬಗೆಗೂ ಹೇಳುತ್ತೇನೆ. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಡಿ, ಟಿ.ವಿ.ಯ ಹಿಂದೆ, ಗಾಜಿನ ಮೇಲೆ ಪ್ರತಿಬಿಂಬ ಬೀಳದ ಹಾಗೆ, ಒಂದು ಮಂದ ದೀಪ ಇಡಿ. ಕಣ್ಣಿಗೆ ಆಯಾಸವಾಗುವುದಿಲ್ಲ, ಕತ್ತಲ ದೃಶ್ಯಗಳೂ ಚೆನ್ನಾಗಿ ಕಾಣುತ್ತವೆ. ಚಲನೆಯನ್ನು ನಯ ಮಾಡುವ ಸೆಟ್ಟಿಂಗ್ ಒಂದಿರುತ್ತದೆ, ಅದನ್ನು ಆರಿಸಿಬಿಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ. ಟಿ.ವಿ. ತಾನಾಗಿ ನಡುವೆ ಚಿತ್ರಗಳನ್ನು ಹುಟ್ಟಿಸಿ ತುಂಬಿದಾಗ ಒಳ್ಳೆಯ ಛಾಯಾಗ್ರಾಹಕನ ಕೆಲಸವೂ ಅಗ್ಗದ ಧಾರಾವಾಹಿಯಂತೆ ಕಾಣುತ್ತದೆ, ಮತ್ತು ಇದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹೆಗ್ಗಡದೇವನಕೋಟೆಯಿಂದ ಒಬ್ಬ ಕೃಷಿಕರು

ಈ ಪತ್ರವನ್ನು ತಮ್ಮ ಮಾವನವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. ಸಾಕ್ಷ್ಯಚಿತ್ರಗಳನ್ನು ನಾನೂ ಅವರಷ್ಟೇ ಇಷ್ಟಪಡುತ್ತೇನೆ. ಆದರೆ ಸಾಕ್ಷ್ಯಚಿತ್ರವೆಂದರೆ ಸತ್ಯ, ಉಳಿದದ್ದೆಲ್ಲ ಕಟ್ಟುಕಥೆ ಎಂದು ಮಕ್ಕಳಿಗೆ ಹೇಳಿಕೊಡುವುದು ಸರಿಯಲ್ಲವೆಂದು ಬಹಳ ಗೌರವದಿಂದ ತಿಳಿಸುತ್ತೇನೆ.

ಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರ ಹೆಸರನ್ನು ಮೇಷ್ಟರು ಕೇಳಿರಬಹುದು. 1922ರಲ್ಲಿ ಬಂದ ಅವರ ‘ನಾನೂಕ್ ಆಫ್ ದಿ ನಾರ್ತ್’ ಅನ್ನು ಪೂರ್ಣಪ್ರಮಾಣದ ಸಾಕ್ಷ್ಯಚಿತ್ರಗಳಲ್ಲಿ ಮೊದಮೊದಲಿನದೆಂದು ಎಣಿಸುತ್ತಾರೆ. ಅದರಲ್ಲಿ ಕೆನಡಾದ ಉತ್ತರದ ಹಿಮನಾಡಿನ ಇನ್ಯೂಟ್ ಕುಟುಂಬವೊಂದು ಹಿಮದ ಮನೆಯೊಳಗೆ ಮಲಗಿ ಏಳುವ ದೃಶ್ಯವಿದೆ. ನಿಜವಾದ ಹಿಮದ ಮನೆಯೊಳಗೆ ಕ್ಯಾಮೆರಾ ಇಡಲು ಜಾಗವೂ ಇಲ್ಲ, ಬೆಳಕೂ ಇಲ್ಲ. ಹಾಗಾಗಿ ಒಂದು ಪಾರ್ಶ್ವ ತೆರೆದಿರುವ ಮನೆಯನ್ನು ಚಿತ್ರಕ್ಕೆಂದೇ ಕಟ್ಟಿಸಿದರು. ಆ ವೇಳೆಗೆ ಬಂದೂಕು ಬಳಸುತ್ತಿದ್ದ ಬೇಟೆಗಾರರ ಕೈಗೆ, ಹಳೆಯ ಕಾಲದ ಬದುಕನ್ನು ತೋರಿಸಲೆಂದು, ಈಟಿ ಕೊಟ್ಟರು. ನಾಯಕನ ಹೆಸರೂ ನಾನೂಕ್ ಅಲ್ಲ. ಇಷ್ಟಾದರೂ ಅದು ದೊಡ್ಡ ಚಿತ್ರವೇ, ಮತ್ತು ನೋಡಬೇಕಾದ ಚಿತ್ರವೇ.

ಅದೇ ಫ್ಲಾಹರ್ಟಿ ಮೂವತ್ತರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ನಮ್ಮ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗನಾದ ಸಾಬು ಎಂಬ ಹುಡುಗನನ್ನು ಆರಿಸಿಕೊಂಡರು. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಆ ಹುಡುಗ ಜಗತ್ತಿಗೆ ಪರಿಚಿತನಾಗಿ, ಇಂಗ್ಲೆಂಡಿಗೂ ಮುಂದೆ ಹಾಲಿವುಡ್‌ಗೂ ಹೋದ. ಇಲ್ಲಿ ಫ್ಲಾಹರ್ಟಿ ತೆಗೆದ ಕಾಡು, ಆನೆಗಳ ದೃಶ್ಯಗಳಿಗೆ ಇಂಗ್ಲೆಂಡಿನ ಸ್ಟುಡಿಯೊದಲ್ಲಿ ಇನ್ನೊಬ್ಬ ನಿರ್ದೇಶಕ ಝೋಲ್ಟಾನ್ ಕೋರ್ಡಾ ತೆಗೆದ ಕಥೆಯ ದೃಶ್ಯಗಳನ್ನು ಜೋಡಿಸಲಾಯಿತು. ಒಂದೇ ಚಿತ್ರದೊಳಗೆ ನಮ್ಮ ಕಾಡೂ ಇದೆ, ಕಟ್ಟಿದ ಕಥೆಯೂ ಇದೆ. ನೋಡುವಾಗ ಎರಡನ್ನೂ ಬಿಡಿಸಿ ಗುರುತಿಸುವ ಕಣ್ಣು ಬೇಕು, ಮತ್ತು ಆ ಕಣ್ಣನ್ನು ಮೊಮ್ಮಕ್ಕಳಿಗೆ ಕೊಡಬಲ್ಲವರು ಮೇಷ್ಟರೇ.

ನನ್ನ ಅನುಭವದ ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಹೊಲ ಕಾಡಿನ ಅಂಚಿನಲ್ಲಿದೆ. ಆನೆ ಬಂದರೆ ಹೆಜ್ಜೆಯ ಸದ್ದೇ ಕೇಳಿಸುವುದಿಲ್ಲ. ಅದರ ಅಂಗಾಲು ಅಷ್ಟು ಮೆತ್ತಗಿರುತ್ತದೆ. ಟಿ.ವಿ.ಯ ಆನೆ ಮಾತ್ರ ಎಷ್ಟೋ ಸಲ ನೆಲ ಗುದ್ದಿಕೊಂಡು ನಡೆಯುತ್ತದೆ, ಏಕೆಂದರೆ ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದ ಚಿತ್ರಕ್ಕೆ ಸದ್ದನ್ನು ಆಮೇಲೆ ಕೂಡಿಸುವುದು ವಾಡಿಕೆ. ಹಲವು ವನ್ಯಜೀವಿ ಚಿತ್ರಗಳಲ್ಲಿ ಒಂದು ರಾತ್ರಿಯಲ್ಲಿ ತುಳಿದುಹೋದ ರಾಗಿ ಹೊಲವಾಗಲಿ, ಕಾವಲಿಗೆ ಅಟ್ಟಣೆಯ ಮೇಲೆ ಎಚ್ಚರವಾಗಿ ಕೂತ ಮನುಷ್ಯನಾಗಲಿ ಇರುವುದೇ ಇಲ್ಲ. ಕಾಡಿನಲ್ಲಿ ಜನರೇ ಇಲ್ಲವೇನೋ ಎನ್ನಿಸುತ್ತದೆ. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈಯಲ್ಲಿ ತೆಗೆದು, 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ನನಗೆ ಹಿಡಿಸಿದ್ದು ಅದರಲ್ಲಿ ಆನೆಮರಿಯಷ್ಟೇ ಅದನ್ನು ಸಾಕಿದವರೂ ಇದ್ದಾರೆಂಬ ಕಾರಣಕ್ಕೆ. ನಲವತ್ತು ನಿಮಿಷದ ಆಸುಪಾಸಿನ ಚಿತ್ರ. ಮೇಷ್ಟರು ಮೂವರು ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಅದನ್ನು ನೋಡಲಿ, ಮುಗಿದ ಮೇಲೆ “ಇದರಲ್ಲಿ ಏನನ್ನು ತೋರಿಸಲಿಲ್ಲ?” ಎಂದು ಕೇಳಲಿ. ಅದೇ ಪ್ರಶ್ನೆಯನ್ನು ಮೊಮ್ಮಗನ ದೆವ್ವದ ಸಿನಿಮಾಕ್ಕೂ ಕೇಳಬಹುದು.

ಮೈಸೂರಿನ ಸರಸ್ವತೀಪುರಂನಿಂದ ಒಬ್ಬ ವಿದ್ಯಾರ್ಥಿನಿ

ನನಗೆ ಭಯದ ಚಿತ್ರಗಳು ಬಹಳ ಇಷ್ಟ, ಮತ್ತು ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯ ಹೆಸರೆತ್ತಿದರೆ ನನ್ನ ತಾಯಿ ಇಂದಿಗೂ ಎದ್ದು ಹೋಗಿ ಹಿತ್ತಲ ಬಾಗಿಲ ಚಿಲಕ ನೋಡಿ ಬರುತ್ತಾರೆ, ಹೆದರುವ ಸುಖ ನಮ್ಮ ತಲೆಮಾರು ಕಂಡುಹಿಡಿದದ್ದಲ್ಲ. ಏನನ್ನೂ ತೋರಿಸದೆ, ಅರ್ಧ ತೆರೆದ ಬಾಗಿಲೊಂದರಿಂದಲೇ ಮೈ ನಡುಗಿಸುವ ಚಿತ್ರಕ್ಕೂ, ಎರಡು ನಿಮಿಷಕ್ಕೊಮ್ಮೆ ಮುಖಕ್ಕೆ ರಕ್ತ ಎರಚುವ ಚಿತ್ರಕ್ಕೂ ಅಜಗಜಾಂತರವಿದೆ. ಎರಡಕ್ಕೂ ಒಂದೇ ಹೆಸರಿಟ್ಟು ಎರಡನ್ನೂ ಹೊರಗೆ ಹಾಕಬೇಡಿ. ತಮ್ಮ ಮಗನಿಗೆ ನನ್ನದೊಂದು ಕೋರಿಕೆ: ತಂಗಿಯ ಭಯ ಪೂರ್ತಿ ಹೋಗುವವರೆಗೆ ರಾತ್ರಿ ಬಚ್ಚಲುಮನೆಯ ಬಾಗಿಲವರೆಗೆ ಅವಳ ಜೊತೆ ನೀವೇ ಹೋಗಿ.

ಪಾಂಡವಪುರದಿಂದ ಒಬ್ಬ ವಿಜ್ಞಾನ ಶಿಕ್ಷಕರು

ಮಗಳ ಪರವಾಗಿ ಯಾರೂ ಬರೆಯಲಾರರೇನೋ ಎಂಬ ಆತಂಕದಿಂದ ಬರೆಯುತ್ತಿದ್ದೇನೆ. ಬಾಹ್ಯಾಕಾಶದ ಧಾರಾವಾಹಿಗಳಲ್ಲಿ ತಪ್ಪುಗಳಿವೆ, ಅದು ನಿಜ. ಗಾಳಿಯೇ ಇಲ್ಲದ ಕಡೆ ನೌಕೆಗಳು ಗುಡುಗಿನ ಸದ್ದು ಮಾಡಿ ಸಿಡಿಯುತ್ತವೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರದಿಂದ ಬೆಳಕು ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು, ಧಾರಾವಾಹಿಯವರು ಊಟದ ಹೊತ್ತಿಗೆ ಹೋಗಿ ಬಂದಿರುತ್ತಾರೆ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ನಲ್ಲಿ ಮನುಷ್ಯರು ಒಂದೆಡೆ ಮಾಯವಾಗಿ ಇನ್ನೊಂದೆಡೆ ಮೂಡುವ ಯಂತ್ರ ಹುಟ್ಟಿದ್ದು ಯಾವ ವಿಜ್ಞಾನದಿಂದಲೂ ಅಲ್ಲ, ಪ್ರತಿ ಸಂಚಿಕೆಯಲ್ಲೂ ನೌಕೆಯನ್ನು ಇಳಿಸಿ ತೋರಿಸುವಷ್ಟು ಹಣ ಅವರಲ್ಲಿರಲಿಲ್ಲ. ನಾನು ತರಗತಿಯಲ್ಲಿ ಇಂಥ ತಪ್ಪುಗಳನ್ನು ಹುಡುಕಲು ಹೇಳುತ್ತೇನೆ, ಮತ್ತು ಪಠ್ಯಪುಸ್ತಕದ ಪ್ರಶ್ನೆಗಳಿಗೆ ಎತ್ತದ ಕೈಗಳು ಆಗ ಏಳುತ್ತವೆ.

ಕಾಲಹರಣವೆನ್ನುವ ಹಿರಿಯರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತು, ಭೂಮಿಯ ಜೊತೆಗೇ ತಿರುಗುವುದರಿಂದ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅಲ್ಲಿ ಮೂರು ನಿಲ್ದಾಣಗಳನ್ನಿಟ್ಟರೆ ಭೂಮಿಯ ಬಹುಭಾಗಕ್ಕೆ ಪ್ರಸಾರ ಮಾಡಬಹುದೆಂದು 1945ರಲ್ಲಿ ಲೇಖನ ಬರೆದು ವಿವರಿಸಿದವರು ಮುಂದೆ ವೈಜ್ಞಾನಿಕ ಕಥೆಗಾರರೆಂದು ಹೆಸರಾದ ಆರ್ಥರ್ ಸಿ. ಕ್ಲಾರ್ಕ್. ನಮ್ಮ ಕಡೆಯ ಮನೆಗಳ ತಾರಸಿಯ ಮೇಲೆ ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿ ನಿಂತಿರುವ ಡಿಶ್ ನೋಡುತ್ತಿರುವುದು ಅಂಥ ಉಪಗ್ರಹವನ್ನೇ. ಇಸ್ರೋದ ಅಂಥ ಉಪಗ್ರಹಗಳನ್ನು ಹಗಲಿರುಳು ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲಿದೆ. ಮಾವನವರು ಮೆಚ್ಚುವ ಸಾಕ್ಷ್ಯಚಿತ್ರ ಡಿಶ್‌ನಿಂದ ಮನೆಗೆ ಬರುವುದಾದರೆ ಅದು ಬರುವುದೂ ಅದೇ ದಾರಿಯಲ್ಲಿ. ತಾತನೂ ಮೊಮ್ಮಗಳೂ ಒಂದು ಸಂಜೆ ತಾರಸಿಗೆ ಹೋಗಿ ದಿಕ್ಸೂಚಿ ಹಿಡಿದು ಆ ಡಿಶ್‌ನ ದಿಕ್ಕನ್ನು ಅಳೆಯಲಿ.

ಮದ್ದೂರಿನಿಂದ ಒಬ್ಬ ಗೃಹಿಣಿ

ತಮ್ಮ ಪತ್ರದಲ್ಲಿ ಅತ್ತೆಯವರ ಪ್ರಸ್ತಾಪ ಒಂದೇ ಸಾಲಿನಲ್ಲಿದೆ: “ಅತ್ತೆಯವರು ಏನನ್ನೂ ನೋಡುವುದಿಲ್ಲ, ಒಳಗೆ ಮಲಗಿಬಿಡುತ್ತಾರೆ.” ಆ ಸಾಲು ಓದಿದ ಮೇಲೆ ನನಗೆ ಉಳಿದ ಜಗಳ ಚಿಕ್ಕದಾಗಿ ಕಂಡಿತು. ಅವರು ನೋಡದಿರುವುದು ಇಷ್ಟವಿಲ್ಲದೆಯೋ, ಭಾಷೆ ತಿಳಿಯದೆಯೋ ಎಂದು ಯಾರಾದರೂ ಕೇಳಿದ್ದಾರೆಯೇ?

ಹಲವು ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಇತ್ತು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರ ಹಿಂದಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆ ತೆತ್ತವರು ಕನ್ನಡವೊಂದನ್ನೇ ಬಲ್ಲ ನಮ್ಮ ತಾಯಂದಿರು. ಬೇರೆ ಭಾಷೆಯಲ್ಲಿ ತಯಾರಾದ ಸಮುದ್ರದ, ನಕ್ಷತ್ರದ ವಿಷಯಗಳೆಲ್ಲ ಅವರ ಕಣ್ಣಿಗೆ ಬಿದ್ದರೂ ಕಿವಿಗೆ ದಕ್ಕಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂಥ ತಡೆ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಹೇಳಿದ ಮೇಲೆ ಕಾಲ ಬದಲಾಗಿದೆ.

ನನ್ನ ಅತ್ತೆಗೆ ಎಪ್ಪತ್ತೆಂಟು ವರ್ಷ. ಟಿ.ವಿ. ಹಾಕಿದರೆ ಅವರೂ ಒಳಗೆ ಹೋಗಿಬಿಡುತ್ತಿದ್ದರು. ನಮ್ಮ ರಾಜ್ಯದ ವನ್ಯಜೀವಿಗಳ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ ಬಂದ ದಿನ, ರಿಷಬ್ ಶೆಟ್ಟಿಯವರ ಕನ್ನಡ ನಿರೂಪಣೆ ಕೇಳಿಸಿ ಬಾಗಿಲಲ್ಲಿ ನಿಂತರು, ಆಮೇಲೆ ಬಂದು ಕೂತರು, ನಡುನಡುವೆ ತಮ್ಮ ತವರಿನ ಕಡೆ ಆ ಹಕ್ಕಿಗೆ ಏನೆನ್ನುತ್ತಾರೆ, ಆ ಮರಕ್ಕೆ ಏನೆನ್ನುತ್ತಾರೆ ಎಂದು ಹೇಳುತ್ತಾ ಹೋದರು. ಅರ್ಧಕ್ಕರ್ಧ ಹೆಸರುಗಳು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಗ ಒಂದು ನೋಟುಪುಸ್ತಕ ತಂದು ಬರೆದುಕೊಂಡ. ಅಂದಿನಿಂದ ಏನು ಹಾಕುವ ಮೊದಲೂ ನಾವು ಭಾಷೆಯ ಪಟ್ಟಿ ತೆರೆದು ಕನ್ನಡ ಇದೆಯೇ ಎಂದು ನೋಡುತ್ತೇವೆ. ಇಲ್ಲದಿದ್ದರೆ ಪಕ್ಕದಲ್ಲಿ ಕೂತವರೊಬ್ಬರು ಮೆಲ್ಲಗೆ ಹೇಳುತ್ತಾ ಹೋಗಬೇಕೆಂಬುದು ಮನೆಯ ಕಟ್ಟಳೆ.

ಈ ಶನಿವಾರ ತಮ್ಮ ಅತ್ತೆಯವರನ್ನು ಕರೆದು ಕೂರಿಸಿ, ಮೊದಲ ಆಯ್ಕೆ ಅವರದಾಗಲಿ. ಅವರು ಏನು ಕೇಳಿದರೆಂದು ಮುಂದಿನ ಸಂಚಿಕೆಗೆ ಬರೆಯುತ್ತೀರಾ?