ಮಗಳ ಮಂಡಿ ಊತ ಇಳಿದಿದೆ, ಸಂಧಿವಾತದ ಔಷಧಿ ನಿಲ್ಲಿಸಬಹುದೇ?

ಪ್ರಶ್ನೆ (ತಾಯಿ, ರಾಜಾಜಿನಗರ): ನಮಸ್ಕಾರ ಡಾಕ್ಟರ್. ನಮ್ಮ ಮಗಳಿಗೆ ಆರು ವರ್ಷ. ಕಳೆದ ವರ್ಷ ಬೆಳಿಗ್ಗೆ ಎದ್ದೊಡನೆ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು, ಶಾಲೆಗೆ ಹೊರಡುವ ಹೊತ್ತಿಗೆ ಸರಿಹೋಗುತ್ತಿತ್ತು. ಮಂಡಿಯ ಊತ ಇಳಿಯದಿದ್ದಾಗ ಪರೀಕ್ಷೆ ಮಾಡಿ, ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಮಕ್ಕಳ ಸಂಧಿವಾತ ಎಂದರು. ಎ.ಎನ್.ಎ. ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದಿದೆ. ಮಂಡಿಗೆ ಒಂದು ಇಂಜೆಕ್ಷನ್ ಕೊಟ್ಟು, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ದಾರೆ. ಈಗ ಮೆಟ್ಟಿಲು ಹಾರಿಕೊಂಡು ಇಳಿಯುತ್ತಾಳೆ. ಅದು ಕ್ಯಾನ್ಸರ್ ಔಷಧಿ ಎಂದು ನಮ್ಮ ಯಜಮಾನರು ಮೊಬೈಲಿನಲ್ಲಿ ಓದಿದಾಗಿನಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ಮೊಸರು ಶೀತ, ಆಲೂಗಡ್ಡೆ ವಾಯು ಎಂದು ಅತ್ತೆಯವರು ಎರಡನ್ನೂ ಬಿಡಿಸಿದ್ದಾರೆ. ಶಾಲೆಯಲ್ಲಿ ಆಟದ ಪೀರಿಯಡ್‌ಗೆ ಬಿಡುತ್ತಿಲ್ಲ. ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಿ ಎಂದೂ ಹೇಳಿದ್ದಾರೆ. ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮಾತ್ರೆಯನ್ನೂ ಈ ಓಡಾಟವನ್ನೂ ನಿಲ್ಲಿಸಬಹುದೇ?

ಉತ್ತರ (ಮಕ್ಕಳ ಸಂಧಿವಾತ ತಜ್ಞೆ): ಅಮ್ಮ, ನೀವು ಕೊನೆಗೆ ಹೇಳಿದ ಕಣ್ಣಿನ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಾನು ಹೆಚ್ಚು ಹೆದರುವುದು ಅದಕ್ಕೇ.

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪದರದ ಮೇಲೆ ಎರಗುವ ಕಾಯಿಲೆ ಇದು. ಕೆಲವು ಮಕ್ಕಳಲ್ಲಿ ಕಣ್ಣಿನ ಒಳಭಾಗಕ್ಕೂ ಅದೇ ಉರಿಯೂತ ಬರುತ್ತದೆ. ಅದನ್ನು ಯುವಿಯೈಟಿಸ್ ಎನ್ನುತ್ತೇವೆ. ಚಿಕ್ಕ ವಯಸ್ಸು, ಒಂದೆರಡು ಕೀಲುಗಳಷ್ಟೇ ಊದಿರುವುದು, ಎ.ಎನ್.ಎ. ಪಾಸಿಟಿವ್: ಈ ಮೂರೂ ಸೇರಿದ ನಿಮ್ಮ ಮಗಳಂಥ ಮಕ್ಕಳಿಗೇ ಅಪಾಯ ಹೆಚ್ಚು. ಮದ್ರಾಸ್ ಐ ಬಂದಾಗ ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ. ಇದರಲ್ಲಿ ಹೆಚ್ಚಿನ ಮಕ್ಕಳಿಗೆ ಕೆಂಪೂ ಇಲ್ಲ, ನೋವೂ ಇಲ್ಲ. ಒಂದು ಕಣ್ಣು ಮಂಜಾದರೂ ಇನ್ನೊಂದರಿಂದ ಓದುತ್ತಾ, ಬರೆಯುತ್ತಾ, ಟಿವಿ ನೋಡುತ್ತಾ ಮಗು ಹಾಯಾಗಿರುತ್ತದೆ. ಹಾಗೆಯೇ ಬಿಟ್ಟರೆ ಪಾಪೆ ಮಸೂರಕ್ಕೆ ಅಂಟಿ ದುಂಡಗಿನ ಆಕಾರ ಕಳೆದುಕೊಳ್ಳುತ್ತದೆ. ಮುಂದೆ ಪೊರೆ, ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಕೆಡಿಸುವ ಗ್ಲಾಕೋಮಾ. ಮಂಡಿ ತಣ್ಣಗಿರುವಾಗಲೂ ಕಣ್ಣಿನಲ್ಲಿ ಕಾಯಿಲೆ ಏಳಬಹುದು. ಆದ್ದರಿಂದ ಕಾಲು ನೋಡಿ ಕಣ್ಣಿನ ಲೆಕ್ಕ ಹಾಕುವಂತಿಲ್ಲ.

ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವ ಪರೀಕ್ಷೆ ಸಾಲದು. ಸ್ಲಿಟ್ ಲ್ಯಾಂಪ್ ಪರೀಕ್ಷೆಯೇ ಆಗಬೇಕು. ಗದ್ದವನ್ನು ಪಟ್ಟಿಯ ಮೇಲೆ, ಹಣೆಯನ್ನು ಮೇಲಿನ ಪಟ್ಟಿಗೆ ಒತ್ತಿ ಕುಳಿತರೆ ವೈದ್ಯರು ತೆಳ್ಳನೆಯ ಬೆಳಕಿನ ಗೆರೆಯನ್ನು ಕಣ್ಣಿನೊಳಗೆ ಹಾಯಿಸುತ್ತಾರೆ. ಉರಿಯೂತ ಇದ್ದರೆ ಆ ಗೆರೆಯಲ್ಲಿ ಸಣ್ಣ ಸಣ್ಣ ಕಣಗಳು ತೇಲುವುದು ಅವರಿಗೆ ಕಾಣುತ್ತದೆ. ಕೆಲವೇ ನಿಮಿಷಗಳ ಕೆಲಸ, ನೋವಿಲ್ಲ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮಗುವಿಗೆ ಸಂಧಿವಾತ ಇದೆ ಎಂಬ ಚೀಟಿ ಕೈಯಲ್ಲಿರಲಿ. ಬೇಗ ಗೊತ್ತಾದರೆ ಹಲವರಿಗೆ ಸ್ಟಿರಾಯ್ಡ್ ಹನಿಯಲ್ಲೇ ಹತೋಟಿಗೆ ಬರುತ್ತದೆ. ಹನಿಗೂ ಮೆಥೊಟ್ರೆಕ್ಸೇಟ್‌ಗೂ ಬಗ್ಗದಿದ್ದರೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ಇದೆ. 2014ರಿಂದ ಅದು ನಮ್ಮ ದೇಶದಲ್ಲೇ ತಯಾರಾಗುತ್ತಿದೆ.

ಇನ್ನು ಮಾತ್ರೆ. ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೂ ಬಳಕೆಯಾಗುವುದು ನಿಜ, ಆದರೆ ಅಲ್ಲಿನ ಪ್ರಮಾಣವೇ ಬೇರೆ. ಸಂಧಿವಾತಕ್ಕೆ ಕೊಡುವುದು ಅದರ ಮುಂದೆ ಬಹಳ ಕಡಿಮೆ. ನಿಮ್ಮ ಯಜಮಾನರ ಭಯ ನನಗೆ ಅರ್ಥವಾಗುತ್ತದೆ. ಆ ಭಯಕ್ಕೆ ಉತ್ತರವೆಂದೇ ಆಗಾಗ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ ಮಾಡಿಸುತ್ತೇವೆ. ಮಗಳು ಮೆಟ್ಟಿಲು ಹಾರುತ್ತಿರುವುದು ಔಷಧಿ ಕೆಲಸ ಮಾಡುತ್ತಿರುವುದರಿಂದ. ಕಾಯಿಲೆ ಪೂರ್ತಿ ತಣ್ಣಗಾದ ಮೇಲೂ ಹಲವು ತಿಂಗಳು ಮುಂದುವರಿಸಿ, ನಂತರವೇ ನಿಲ್ಲಿಸುವ ಯೋಚನೆ. ಅದನ್ನು ನಿಮ್ಮ ಡಾಕ್ಟರೇ ನಿರ್ಧರಿಸಲಿ.

ಒಂದು ಮಾತು ಮಾತ್ರ ಮನೆಯವರೆಲ್ಲರ ಕಿವಿಗೆ ಬೀಳಲಿ: ಇದು ವಾರಕ್ಕೆ ಒಂದೇ ದಿನದ ಔಷಧಿ. ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಬ್ಬರೇ ಕೊಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ಕೊಟ್ಟು ನೋಡಿ, ಬರೆದುಕೊಟ್ಟ ಫೋಲಿಕ್ ಆಸಿಡ್ ತಪ್ಪಿಸಬೇಡಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೊಸರಿನಿಂದ, ಆಲೂಗಡ್ಡೆಯಿಂದ ಈ ಕಾಯಿಲೆ ಬರುವುದೂ ಇಲ್ಲ, ಕೆರಳುವುದೂ ಇಲ್ಲ. ಬೆಳೆಯುವ ಮೂಳೆಗೆ ಹಾಲು, ಮೊಸರು, ರಾಗಿ ಬೇಕು. ಬೇಕಿಲ್ಲದ್ದು ಹೆಸರಿಲ್ಲದ ಪೊಟ್ಟಣದ ಪುಡಿಗಳು. ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಆಟಕ್ಕೂ ಬಿಡಿ. ಊತವಿಲ್ಲದ ಮಂಡಿಯನ್ನು ಸುಮ್ಮನೆ ಕೂರಿಸಿದರೆ ತೊಡೆಯ ಸ್ನಾಯು ಸೊರಗುತ್ತದೆ. ಶಾಲೆಗೆ ಡಾಕ್ಟರಿಂದ ಒಂದು ಪತ್ರ ಬರೆಸಿಕೊಡಿ: ಆಡಬಹುದು, ನೋವೆಂದರೆ ಕೂರಲು ಬಿಡಿ, ಚಳಿಗಾಲದ ಬೆಳಿಗ್ಗೆ ಸ್ವಲ್ಪ ತಡವಾದರೆ ಹೊರಗೆ ನಿಲ್ಲಿಸಬೇಡಿ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ ಎದ್ದೊಡನೆ ಬಿಸಿನೀರಿನ ಸ್ನಾನ ಮಾಡಿಸಿದರೆ ಬಿಗಿತ ಬೇಗ ಬಿಡುತ್ತದೆ.

ಪ್ರಶ್ನೆ (ತಂದೆ, ಯಲಹಂಕ): ನಮ್ಮ ಹತ್ತು ವರ್ಷದ ಮಗನಿಗೆ ಎರಡು ತಿಂಗಳಿನಿಂದ ಮಣಿಕಟ್ಟು ಊದಿದೆ. ಆರ್.ಎ. ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿದ್ದರಿಂದ ಸಂಧಿವಾತ ಅಲ್ಲ, ಬೆಳವಣಿಗೆಯ ನೋವು ಎಂದರು. ಸುಮ್ಮನಿರಬಹುದೇ?

ಉತ್ತರ: ಬೇಡ, ಸರ್. ಸಂಧಿವಾತವಿರುವ ಬಹುಪಾಲು ಮಕ್ಕಳಿಗೆ ಆ ಪರೀಕ್ಷೆ ನೆಗೆಟಿವ್ ಆಗಿಯೇ ಬರುತ್ತದೆ. ಬೆಳವಣಿಗೆಯ ನೋವು ಬರುವುದು ಸಂಜೆ ಅಥವಾ ರಾತ್ರಿ, ಸಾಮಾನ್ಯವಾಗಿ ಎರಡೂ ಕಾಲಿಗೆ. ಬೆಳಿಗ್ಗೆ ಮಗು ಚೆನ್ನಾಗಿರುತ್ತದೆ, ಊತವಂತೂ ಇರುವುದಿಲ್ಲ. 16 ವರ್ಷದೊಳಗಿನ ಮಗುವಿನ ಕೀಲು ಬೇರೆ ಕಾರಣವಿಲ್ಲದೆ ಆರು ವಾರ ಊದಿದ್ದರೆ ಸಂಧಿವಾತ ಎಂದೇ ಯೋಚಿಸಬೇಕು. ಮಕ್ಕಳ ಸಂಧಿವಾತ ನೋಡುವವರ ಬಳಿ ಹೋಗಿ. ಯಾರಿದ್ದಾರೆಂದು ತಿಳಿಯದಿದ್ದರೆ ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ವಿಚಾರಿಸಿ.

ಪ್ರಶ್ನೆ (ತಾಯಿ, ಬಸವನಗುಡಿ): ನಮ್ಮವಳಿಗೆ ಒಂಬತ್ತು. ಜ್ವರದ ಮಾತ್ರೆ ಎಂದು ಹೇಳಿ ಕೊಡುತ್ತಿದ್ದೇವೆ. ಕಾಯಿಲೆಯ ಹೆಸರು ಹೇಳಲು ಮನಸ್ಸಾಗುತ್ತಿಲ್ಲ.

ಉತ್ತರ: ಹೇಳಿ, ಅಮ್ಮ. ಬಾಗಿಲ ಮರೆಯಲ್ಲಿ ನೀವು ಆಡುವ ಪಿಸುಮಾತು ಒಂಬತ್ತು ವರ್ಷದ ಮಗುವಿಗೆ ಕೇಳಿಸುತ್ತದೆ. ನಾನು ತುಂಟಾಟ ಮಾಡಿದ್ದಕ್ಕೇ ಹೀಗಾಯಿತು ಎಂದುಕೊಳ್ಳುವ ಮಕ್ಕಳನ್ನು ನಾನು ನೋಡಿದ್ದೇನೆ. "ನಿನ್ನಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ, ಇದಕ್ಕೆ ಔಷಧಿ ಇದೆ" ಎಂಬ ಮೂರು ಮಾತು ಮೊದಲು ಸಾಕು. ಎಷ್ಟು ದಿನ ಎಂದು ಕೇಳಿದರೆ ನಾಳೆಗೇ ವಾಸಿ ಎನ್ನಬೇಡಿ. ಬಹಳ ದಿನ ಬೇಕಾಗಬಹುದು, ನಾವು ಜೊತೆಗಿದ್ದೇವೆ ಎನ್ನಿ. ಆಸ್ಪತ್ರೆಯಲ್ಲಿ ಎಲ್ಲಿ ನೋವು ಎಂಬುದನ್ನು ಅವಳೇ ಹೇಳಲಿ.

ಪ್ರಶ್ನೆ (ತಾಯಿ, ರಾಜಾಜಿನಗರ): ತುಂಬಾ ಉಪಕಾರವಾಯಿತು, ಡಾಕ್ಟರ್. ಕಣ್ಣು ತೋರಿಸಲು ಈ ವಾರವೇ ಹೋಗುತ್ತೇವೆ. ಇನ್ನೊಂದು ಸಂಗತಿ: ಅವಳ ಬೆಂಚಿನ ಹುಡುಗಿಗೆ ನಿನ್ನೆ ಸೀತಾಳೆ ಸಿಡುಬು ಎದ್ದಿದೆಯಂತೆ. ಇವಳಿಗೆ ಅದರ ಲಸಿಕೆ ಹಾಕಿಸಿಲ್ಲ, ಬಂದೂ ಇಲ್ಲ.

ಉತ್ತರ: ಹಾಗಾದರೆ ನಾಳೆಗೆ ಕಾಯಬೇಡಿ, ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಮಕ್ಕಳಿಗೆ ಸೀತಾಳೆ ಜೋರಾಗಿ ಬರಬಹುದು. ತಡೆಯಲು ಔಷಧಿ ಕೊಡಬೇಕೇ, ಈ ವಾರದ ಮಾತ್ರೆ ಬಿಡಬೇಕೇ ಎಂಬುದನ್ನು ಅವರೇ ಹೇಳಬೇಕು. ಅದು ಸಜೀವ ಲಸಿಕೆ, ಈಗ ನೀವಾಗಿ ಹೋಗಿ ಹಾಕಿಸಬೇಡಿ. ಗುಳ್ಳೆ ಕಂಡರೆ ಅಥವಾ ಜ್ವರ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಫೋನಿಗೆ ಸಿಗದಿದ್ದರೆ ಇಲ್ಲಿಯೇ ಬರೆಯಿರಿ, ನೋಡುತ್ತಿರುತ್ತೇನೆ.